ಸೋಲೂರಿನಲ್ಲೊಂದು ಸಮುದ್ರ

ಬೆಂಗಳೂರಿನಿಂದ ಹೊರಟು ನೆಲಮಂಗಲವನ್ನು ದಾಟಿ ಕುಣಿಗಲ್ಲಿನ ಕಡೆಗೆ ಸಾಗುವವರಿಗೆ ಹೆದ್ದಾರಿಯ ಮೇಲೆ ಸಿಕ್ಕುವ ಊರು ಸೋಲೂರು. ಅದೇ ದಾರಿಯನ್ನು ಬಿಡದೆ ಹಿಡಿದು, ಹಾಸನ ಸಕಲೇಶಪುರಗಳನ್ನು ಹಿಂದೆ ಹಾಕಿ, ಶಿರಾಡಿ ಘಾಟಿಯನ್ನಿಳಿದರೆ ಸುಮಾರು ಮುನ್ನೂರು ಕಿಲೋಮೀಟರಿನ ಆಚೆಗೆ ಮಂಗಳೂರಿನ ಕಡಲು. ಮಾಗಡಿ ಸೀಮೆಯ ಈ ನೆಲವಾದರೋ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ್ದು. ಕಾಲಡಿಯಲ್ಲಿ ಕರಿಗಲ್ಲು, ಹೊಲದಲ್ಲಿ ರಾಗಿ ಅವರೆ, ಬದುವಿನಲ್ಲಿ ಹಲಸು ಮಾವು, ಅಲ್ಲಲ್ಲಿ ಹಿಪ್ಪುನೇರಳೆ. ಇಂಥ ಊರಿನ ಹಿತ್ತಿಲಿನಲ್ಲಿ ಹವಳವನ್ನು ಬೆಳೆಸಬಹುದೇ?

ಹುಚ್ಚು ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನನ್ನಿಟ್ಟು ನೋಡಿ ನಲಿಯುವ ಹವ್ಯಾಸ ಪಟ್ಟಣಗಳಲ್ಲಿ ಹಳೆಯದು. ಈಚೆಗೆ ಅದರ ಒಂದು ಕವಲು ಉಪ್ಪುನೀರಿಗೂ ಚಾಚಿಕೊಂಡಿದೆ. ಪರದೇಶಗಳಲ್ಲಿ ಅಂಗೈಯಗಲದ ಜೀವಂತ ಹವಳದ ತುಂಡಿಗೆ ಹವ್ಯಾಸಿಗಳು ಸಾವಿರಗಟ್ಟಲೆ ತೆರುತ್ತಾರೆಂಬ ಸುದ್ದಿ ಕೈಯಲ್ಲಿನ ಫೋನಿನ ಮೂಲಕ ಹಳ್ಳಿಹಳ್ಳಿಗೂ ತಲುಪಿದೆ. ಎರಡು ಮೂರು ಬೆಳೆ ಕೈಕೊಟ್ಟು ಹುಳುಮನೆಗೆ ಬೀಗ ಹಾಕಿರುವ ತರುಣನೊಬ್ಬನು, ಖಾಲಿ ಬಿದ್ದಿರುವ ಆ ಕಟ್ಟಡವನ್ನೂ ಈ ಸುದ್ದಿಯನ್ನೂ ಒಟ್ಟಿಗಿಟ್ಟು ಲೆಕ್ಕ ಹಾಕಿದರೆ ಅದು ಅಪರಾಧವಲ್ಲ. ಲೆಕ್ಕದ ಎಲ್ಲ ಕಲಮುಗಳೂ ಅವನ ಕಣ್ಣ ಮುಂದಿವೆಯೇ ಎಂಬುದಷ್ಟೇ ಕೇಳಬೇಕಾದ ಮಾತು.

ಮೊದಲು ಬೆಳೆಯ ಪರಿಚಯವಾಗಲಿ. ಸಂಸ್ಕೃತದಲ್ಲಿ ಹವಳಕ್ಕೆ ಪ್ರವಾಳವೆಂದು ಹೆಸರು. ಅದೇ ಶಬ್ದಕ್ಕೆ ಎಳೆಯ ಚಿಗುರೆಂಬ ಅರ್ಥವೂ ಉಂಟು. ವಿದ್ರುಮವೆಂಬ ಇನ್ನೊಂದು ಹೆಸರಿನೊಳಗೆ ಮರವೇ ಅಡಗಿ ಕುಳಿತಿದೆ. ಪ್ರವಾಳವು ಹಳಗನ್ನಡದಲ್ಲಿ ಪವಳವಾಯಿತು. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪವಳವು ಹವಳವಾಯಿತು. ಕವಿಗಳು ಅದನ್ನು ನಾಯಿಕೆಯ ತುಟಿಗೆ ಹೋಲಿಸಿ ಕೃತಾರ್ಥರಾದರು. ಒಟ್ಟಿನಲ್ಲಿ ನಮ್ಮ ಭಾಷೆಗಳೆಲ್ಲ ಅದನ್ನು ಗಿಡದ ಜಾತಿಗೆ ಸೇರಿಸಿಬಿಟ್ಟವು. ಇದರಲ್ಲಿ ನಾಚಿಕೆಯೇನಿಲ್ಲ. ಯುರೋಪಿನ ಪಂಡಿತರೂ ಹಾಗೆಯೇ ತಿಳಿದಿದ್ದರು. ಮಾರ್ಸಿಲಿ ಎಂಬ ಇಟಲಿಯ ವಿದ್ವಾಂಸನು ೧೭೦೬ರಲ್ಲಿ ನೀರಿನಲ್ಲಿಟ್ಟ ಹವಳದ ಕೊಂಬೆಯ ಮೇಲೆ ಬಿಳಿಯ ಎಸಳುಗಳು ಅರಳುವುದನ್ನು ಕಂಡು, ಹವಳದ ಹೂವನ್ನು ಕಂಡೆನೆಂದು ಹಿಗ್ಗಿದನು. ಕೆಲವು ವರ್ಷಗಳ ತರುವಾಯ ಮಾರ್ಸೇಲ್ಸಿನ ವೈದ್ಯ ಪೇಸೊನೆಲ್ಲನು, ಅದು ಹೂವಲ್ಲ, ಪ್ರಾಣಿ ಎಂದು ಬರೆದು ಕಳುಹಿಸಿದಾಗ ಪ್ಯಾರಿಸಿನ ವಿದ್ವತ್ಸಭೆ ನಂಬಲಿಲ್ಲ. ೧೭೨೭ರಲ್ಲಿ ಅವನ ಅಭಿಪ್ರಾಯವನ್ನು ಸಭೆಯ ಮುಂದಿಟ್ಟ ರೆಯೋಮ್ಯೂರನು, ಪಾಪ, ಬರೆದವನಿಗೆ ನಗೆಪಾಟಲಾಗದಿರಲೆಂದು ಹೆಸರನ್ನೇ ಹೇಳಲಿಲ್ಲವಂತೆ! ಪೇಸೊನೆಲ್ಲನ ಮಾತೇ ದಿಟವೆಂದು ಒಪ್ಪಲು ಮತ್ತೆ ಹತ್ತಿಪ್ಪತ್ತು ವರ್ಷಗಳು ಹಿಡಿದವು.

ಒಡವೆಯಲ್ಲಿ ಕೂರಿಸುವ, ಕುಜದೋಷಕ್ಕೆಂದು ಬೆರಳಿಗೆ ಏರುವ ಕೆಂಪು ಹವಳ ಬಂದದ್ದು ಬಹುಮಟ್ಟಿಗೆ ಮೆಡಿಟರೇನಿಯನ್ ಕಡಲಿನಿಂದ. ರೋಮನರು ನಮ್ಮ ಮುತ್ತಿಗೆ ಕೊಡುವಷ್ಟೇ ಬೆಲೆಯನ್ನು ಭಾರತೀಯರು ಹವಳಕ್ಕೆ ಕೊಡುತ್ತಾರೆಂದು ಪ್ಲಿನಿಯೇ ಗುರುತು ಹಾಕಿದ್ದಾನೆ. ಅದು ಕತ್ತಲೆಯಲ್ಲಿ ನಿಧಾನವಾಗಿ ಬೆಳೆಯುವ ಜಾತಿ. ತೊಟ್ಟಿಯ ಹವಳ ಬೇರೆ. ಅದು ಬಿಸಿಲಿನ ಪ್ರಾಣಿ. ಪಾಲಿಪ್ ಎಂಬ ಸಣ್ಣ ಜೀವಿಗಳು, ಕೆಲವು ಗುಂಡುಸೂಜಿಯ ತಲೆಯಷ್ಟು, ಕೆಲವು ಹೆಬ್ಬೆರಳಿನಷ್ಟು, ಒಟ್ಟೊಟ್ಟಾಗಿ ಕೂಡಿ ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ ಮನೆ ಕಟ್ಟುತ್ತವೆ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿ ಒಕ್ಕಲಿದೆ. ಪಾಚಿಯು ಬೆಳಕಿನಿಂದ ಆಹಾರವನ್ನು ತಯಾರಿಸಿ ಅದರ ಬಹುಪಾಲನ್ನು ಮನೆಯ ಯಜಮಾನನಿಗೆ ಗೇಣಿಯಾಗಿ ಅಳೆಯುತ್ತದೆ. ಯಜಮಾನನು ಇರಲು ಜಾಗವನ್ನೂ ತನ್ನ ಮೈಯ ಕಸವನ್ನೇ ಗೊಬ್ಬರವಾಗಿಯೂ ಕೊಡುತ್ತಾನೆ. ನೀರಿನ ಶಾಖವು ಬೇಸಗೆಯ ವಾಡಿಕೆಯ ಮಟ್ಟಕ್ಕಿಂತ ಒಂದೇ ಒಂದು ಡಿಗ್ರಿ ಏರಿ ಕೆಲವು ವಾರ ನಿಂತರೆ ಈ ಒಕ್ಕಲು ಒಡಂಬಡಿಕೆ ಮುರಿಯುತ್ತದೆ. ಪಾಚಿ ಹೊರಬೀಳುತ್ತದೆ, ಹವಳ ಸುಣ್ಣದಂತೆ ಬೆಳ್ಳಗಾಗುತ್ತದೆ. ಬೇಗನೆ ತಂಪಾಗದಿದ್ದರೆ ಹಸಿದು ಸಾಯುತ್ತದೆ. ಲಕ್ಷದ್ವೀಪದಲ್ಲಿ ೧೯೯೮, ೨೦೧೦, ೨೦೧೬ರಲ್ಲಿ ಆದದ್ದು ಇದೇ. ೨೦೨೪ರಲ್ಲಿ ಮತ್ತೆ ಆಯಿತು.

ಇಷ್ಟು ನಾಜೂಕಿನ ಪ್ರಾಣಿಯನ್ನು ತೊಟ್ಟಿಯಲ್ಲಿ ಉಳಿಸಿಕೊಳ್ಳುವುದು ಬಹಳ ಕಾಲ ಯಾರ ಕೈಗೂ ಸರಿಯಾಗಿ ಹತ್ತಲಿಲ್ಲ. ಮತ್ಸ್ಯಾಲಯಗಳಲ್ಲಿ ಇಡುತ್ತಿದ್ದದ್ದು ಸತ್ತ ಹವಳದ ಬಿಳಿಯ ಎಲುಬುಗೂಡನ್ನೇ. ೧೯೬೧ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಎಂಬಾತನು ಅಮೆರಿಕದ ಒಂದು ಪತ್ರಿಕೆಗೆ ತನ್ನ ವಿಧಾನವನ್ನು ಬರೆದನು. ಕಡಲ ನೀರು, ಕಿಟಕಿಯ ಬಿಸಿಲು, ಜೀವಿಗಳು ಮೆತ್ತಿಕೊಂಡಿರುವ ಕಡಲ ಕಲ್ಲು, ಗಾಳಿಯ ಗುಳ್ಳೆ; ಇಷ್ಟೇ ಸಲಕರಣೆ. ಸೋಸುವ ಕೆಲಸವನ್ನೆಲ್ಲ ಆ ಕಲ್ಲೇ ಮಾಡುತ್ತಿತ್ತು. ಕಡಲು ಅವನಿಗೆ ಹತ್ತಿರವಿತ್ತು, ನಿಜ. ಸೋಲೂರಿನವನು ಅದನ್ನು ಚೀಲದ ಉಪ್ಪಿನಿಂದ ಕಲಸಬೇಕು.

ಅಡುಗೆಯ ಉಪ್ಪಿನಿಂದ ಆಗುವ ಕೆಲಸವಲ್ಲ ಅದು. ಕಡಲ ನೀರಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸ್ಟ್ರಾನ್ಷಿಯಂ ಮೊದಲಾದುವು ಗೊತ್ತಾದ ಪ್ರಮಾಣದಲ್ಲಿವೆ. ಆ ಪ್ರಮಾಣದಲ್ಲಿ ಬೆರೆಸಿದ ಉಪ್ಪನ್ನೇ ಕೊಳ್ಳಬೇಕು. ಲೀಟರಿಗೆ ೩೫ ಗ್ರಾಂ ಲೆಕ್ಕದಲ್ಲಿ ಸಾವಿರ ಲೀಟರಿಗೆ ೩೫ ಕಿಲೋ. ಕಲಸುವ ನೀರು ಕೊಳವೆಬಾವಿಯದಾದರೆ ಕೆಟ್ಟಿತು. ಕರಿಗಲ್ಲಿನ ನಾಡಿನ ಆಳದ ನೀರಿನಲ್ಲಿ ಏನೇನು ಕರಗಿದೆಯೋ ಹೇಳಲಾಗದು. ಆದ್ದರಿಂದ ಅದನ್ನು ಮೊದಲು ಆರ್‌ಓ ಯಂತ್ರದಲ್ಲಿ ಹಾಯಿಸಿ ತೆಗೆಯಬೇಕು. ಒಂದು ಕೊಡ ಒಳ್ಳೆಯ ನೀರಿಗೆ ಎರಡು ಮೂರು ಕೊಡ ಗಡಸು ನೀರು ಹೊರಕ್ಕೆ ಹೋಗುತ್ತದೆ. ಅದು ಪಾತ್ರೆ ತೊಳೆಯಲು ಆದೀತು. ಬಿಸಿಲಿಗೆ ತೊಟ್ಟಿಯ ನೀರು ಆರಿದರೆ ತುಂಬಬೇಕಾದದ್ದು ಸಿಹಿನೀರನ್ನೇ ಹೊರತು ಉಪ್ಪುನೀರನ್ನಲ್ಲ. ಆರಿಹೋಗುವುದು ನೀರು; ಉಪ್ಪು ಅಲ್ಲೇ ಉಳಿದಿರುತ್ತದೆ. ಹೊಸಬರು ಮೊದಲ ತಿಂಗಳಿನಲ್ಲೇ ಎಡವುವುದು ಇಲ್ಲಿ.

ನೀರು ಸಿದ್ಧವಾದೊಡನೆ ಪ್ರಾಣಿಯನ್ನು ಬಿಡುವಂತಿಲ್ಲ. ತೊಟ್ಟಿ ಹಣ್ಣಾಗಬೇಕು. ಕೊಳೆಯುವ ಪದಾರ್ಥದಿಂದ ಹುಟ್ಟುವ ಅಮೋನಿಯ ವಿಷ. ಅದನ್ನು ನೈಟ್ರೈಟಾಗಿ, ನೈಟ್ರೈಟನ್ನು ಮತ್ತೆ ಅಷ್ಟೊಂದು ಕೆಡುಕಿಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲುಮರಳಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಕಲಕಿ ನೋಡುವವನಿಗೆ ಮೊಸರಾಗದು, ಇದೂ ಹಾಗೆಯೇ.

ಇನ್ನು ಶಾಖ. ಹವಳಕ್ಕೆ ಹಿತವಾದದ್ದು ೨೪ರಿಂದ ೨೭ ಡಿಗ್ರಿ ಸೆಂಟಿಗ್ರೇಡ್. ರಾಮನಗರ ಮಾಗಡಿಗಳ ರೇಷ್ಮೆ ಬೆಳೆಗಾರನಿಗೆ ಈ ಅಂಕಿ ಅಪರಿಚಿತವಲ್ಲ. ಅವನ ಹುಳುವಿಗೂ ಹೆಚ್ಚುಕಡಿಮೆ ಇದೇ ಬೇಕು. ಮಾಘದ ರಾತ್ರಿಯಲ್ಲಿ ಕೆಂಡ ಇಟ್ಟು, ಚೈತ್ರದ ಮಧ್ಯಾಹ್ನದಲ್ಲಿ ಒದ್ದೆ ಗೋಣಿ ಇಳಿಬಿಟ್ಟು, ಜ್ವರಕ್ಕೆ ಕೂತ ಹುಳುವಿನ ಹಾಸಿಗೆಯನ್ನು ಮುಟ್ಟದೆ ಕಾದು, ಹೊರಗಿನವರನ್ನು ಒಳಕ್ಕೆ ಬಿಡದೆ ಸಾಕಿದ ಮನೆಯ ಹೆಂಗಸಿಗೆ ಹವಳದ ತೊಟ್ಟಿಯ ಶಿಸ್ತನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಪಟ್ಟಣದ ಹವ್ಯಾಸಿಗಿಂತ ಅವಳು ಒಂದು ಹೆಜ್ಜೆ ಮುಂದೆಯೇ ಇದ್ದಾಳೆ. ಆದರೆ ಹಳೆಯ ಹುಳುಮನೆಯಲ್ಲಿ ಸಿಂಪಡಿಸಿದ ಔಷಧಗಳು ಗೋಡೆಯಲ್ಲಿ ಉಳಿದಿರುತ್ತವೆ. ತೊಳೆದು, ಸುಣ್ಣ ಬಳಿದು, ಒಂದು ಬೇಸಗೆ ಗಾಳಿಯಾಡಲು ಬಿಡಬೇಕು. ಅಡಿಕೆಗೂ ದ್ರಾಕ್ಷಿಗೂ ಹೊಡೆಯುವ ಮೈಲುತುತ್ತದ ಕೈಯನ್ನಂತೂ ತೊಟ್ಟಿಗೆ ಅದ್ದಲೇಬಾರದು. ತಾಮ್ರದ ಲವಲೇಶವೂ ಈ ಜಾತಿಯ ಪ್ರಾಣಿಗೆ ಮರಣ.

ತಲೆಯ ಮೇಲೆ ನೀಲಿ ಬೆರೆತ ವಿದ್ಯುದ್ದೀಪ, ನೀರನ್ನು ಅತ್ತಿತ್ತ ತಳ್ಳುವ ಪುಟ್ಟ ಪಂಪು, ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಯಂತ್ರ ಇಷ್ಟಿದ್ದರೆ ಸಲಕರಣೆ ಮುಗಿಯಿತು. ವಿದ್ಯುತ್ತು ನಾಲ್ಕು ಗಂಟೆ ಹೋದರೆ ಪಂಪು ನಿಲ್ಲುತ್ತದೆ, ನೀರಿನ ಪ್ರಾಣವಾಯು ಕುಂದುತ್ತದೆ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ಮೊದಲ ಖರೀದಿಯಾಗಬೇಕು, ಕೊನೆಯದಲ್ಲ. ಸುಣ್ಣದ ಅಗತ್ಯವನ್ನು ಮಾತ್ರ ಹಳೆಯ ಮಾರ್ಗದಲ್ಲೇ ಪೂರೈಸಬಹುದು. ಎಲೆಗೆ ಹಚ್ಚುವ ಸುಣ್ಣದ ವರ್ಗದ್ದೇ ಆದ ಶುದ್ಧ ಸುಣ್ಣವನ್ನು ಸಿಹಿನೀರಿಗೆ ಕದಡಿ, ಮೇಲಿನ ತಿಳಿಯನ್ನು ರಾತ್ರಿಯಿಡೀ ತೊಟ್ಟುತೊಟ್ಟಾಗಿ ಬೀಳಿಸಿದರೆ ಆರಿದ ನೀರೂ ತುಂಬುತ್ತದೆ, ಹವಳದ ಮನೆಗೆ ಗಾರೆಯೂ ದೊರೆಯುತ್ತದೆ. ಒಮ್ಮೆಗೇ ಸುರಿದರೆ ಎಲ್ಲವೂ ಸುಟ್ಟು ಹೋಗುತ್ತದೆ.

ಬೆಳೆದ ಹವಳವನ್ನು ಹೆಚ್ಚಿಸುವ ಕ್ರಮ ಕಬ್ಬು ನೆಟ್ಟವನಿಗೆ ನಗು ತರಿಸುವಷ್ಟು ಸುಲಭ. ಕೊಂಬೆಯಿಂದ ಬೆರಳುದ್ದದ ತುಂಡನ್ನು ಕತ್ತರಿಸಿ, ಸಿಮೆಂಟಿನ ಬಿಲ್ಲೆಗೆ ಅಂಟಿಸಿ, ಜಾಲರಿಯ ಮೇಲೆ ಸಾಲಾಗಿಡುವುದು. ಗಾಯ ಮಾಯ್ದು ಬುಡ ಹರಡಿಕೊಳ್ಳುತ್ತದೆ. ಕವಲೊಡೆಯುವ ಜಾತಿಗಳು ಅನುಕೂಲವಿದ್ದಲ್ಲಿ ವರ್ಷಕ್ಕೆ ಹತ್ತು ಸೆಂಟಿಮೀಟರಿನಷ್ಟು ಚಿಗುರಿದರೆ, ಗುಂಡುಗುಂಡಾದ ಬಂಡೆಹವಳ ಒಂದು ಸೆಂಟಿಮೀಟರು ಬೆಳೆದರೆ ಹೆಚ್ಚು. ಪ್ರವಾಳವೆಂದರೆ ಚಿಗುರೆಂದ ಹಳಬರು ಅಷ್ಟೇನೂ ತಪ್ಪು ಹೇಳಲಿಲ್ಲ.

ಹಾಗಾದರೆ ಅಡ್ಡಿಯೇನು? ಅಡ್ಡಿ ಇರುವುದು ಮೊದಲ ತುಂಡಿನಲ್ಲಿ. ಅದು ಎಲ್ಲಿಂದ ಬಂತು?

೨೦೦೧ರ ಜುಲೈ ತಿಂಗಳಿನಲ್ಲಿ ಭಾರತ ಸರ್ಕಾರವು ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳಗಳನ್ನೂ, ಕರಿ ಹವಳ, ಬೆಂಕಿ ಹವಳ, ಕೊಳಲು ಹವಳ, ಕಡಲ ಬೀಸಣಿಗೆಗಳನ್ನೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿತು. ಹುಲಿಯೂ ಆನೆಯೂ ಇರುವ ಪಟ್ಟಿ ಅದು. ೨೦೨೨ರ ತಿದ್ದುಪಡಿಯ ಬಳಿಕ ಈ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ತಪ್ಪಿತಸ್ಥರಿಗೆ ಮೂರರಿಂದ ಏಳು ವರ್ಷಗಳ ಸೆರೆವಾಸ, ಕಡಮೆಯೆಂದರೂ ೨೫ ಸಾವಿರ ರೂಪಾಯಿಗಳ ದಂಡ. ಕಡಲಿನಿಂದ ಮುರಿದು ತಂದದ್ದೋ, ತೊಟ್ಟಿಯಲ್ಲೇ ಮೊಳೆತದ್ದೋ ಎಂಬ ಭೇದ ನೋಡಿದ ಕಣ್ಣಿಗೆ ತಿಳಿಯುವಂಥದಲ್ಲ. ಕಾಯಿದೆಯೂ ಆ ಸಮಾಧಾನವನ್ನು ಸುಲಭವಾಗಿ ಕೇಳಿಸಿಕೊಳ್ಳುವುದಿಲ್ಲ. ಹೊರದೇಶದ ಮಾಲು ಎನ್ನುವ ಮಾರಾಟಗಾರನ ಬಾಯಿಮಾತಂತೂ ನ್ಯಾಯಾಲಯದಲ್ಲಿ ನಿಲ್ಲದು. ಇಂಡೋನೇಷ್ಯಾದಲ್ಲಿ ಕಡಲ ತೋಟಗಳಲ್ಲಿ ಬೆಳೆಸಿದ ಹವಳವನ್ನು ಅಂತರರಾಷ್ಟ್ರೀಯ ಒಪ್ಪಂದದ ಕಾಗದಪತ್ರಗಳೊಂದಿಗೆ ಹೊರಕ್ಕೆ ಕಳಿಸುತ್ತಾರೆ. ಆ ದೇಶವೂ ೨೦೧೮ರಲ್ಲಿ ರಫ್ತನ್ನೇ ನಿಲ್ಲಿಸಿ ೨೦೨೦ರಲ್ಲಿ ಮತ್ತೆ ತೆರೆಯಿತು. ಅಂದರೆ ತಲತಲಾಂತರದಿಂದ ಹವಳದ ನಡುವೆಯೇ ಬಾಳಿದವರಿಗೂ ಇದರ ಮೂಲವನ್ನು ಕಾಯುವುದು ಸುಲಭವಾಗಿಲ್ಲ.

ಇದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಕನ್ನಡ ನಾಡಿನಲ್ಲಿ ಶ್ರೀಗಂಧದ ಕತೆ ನೆನಪಿದ್ದವರಿಗಂತೂ ತೋರಿಯೇ ತೋರುತ್ತದೆ. ತನ್ನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೆಂಬ ಕಾನೂನಿದ್ದ ಕಾಲದಲ್ಲಿ ಎಷ್ಟೋ ರೈತರು ಸಸಿಯನ್ನು ಕಂಡಕೂಡಲೇ ಕಿತ್ತೆಸೆದರು. ೨೦೦೧ರಲ್ಲಿ ರಾಜ್ಯದ ಕಾನೂನು ತಿದ್ದಿ ಹೊಲದ ಒಡೆಯನೇ ಮರದ ಒಡೆಯನಾದ ಮೇಲೆ ಗಂಧದ ತೋಟಗಳು ಎದ್ದವು. ವಿಚಿತ್ರವೆಂದರೆ ಗಂಧದ ಬೇಲಿ ಸಡಿಲವಾದ ವರ್ಷವೇ ಹವಳದ ಬೇಲಿ ಬಿಗಿಯಾಯಿತು. ಸಾಕುವವನಿಗೆ ಹಕ್ಕು ಕೊಟ್ಟರೆ ಕಾಡಿನದು ಉಳಿಯುತ್ತದೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಗಂಧದ ಮರಕ್ಕೆ ಹೊಲದ ಪಹಣಿಯಿದೆ, ಊರವರ ಕಣ್ಣಿದೆ, ಹದಿನೈದು ಇಪ್ಪತ್ತು ವರ್ಷ ನಿಂತಲ್ಲೇ ನಿಲ್ಲುವ ಗುಣವಿದೆ. ಬೆರಳುದ್ದದ ಹವಳಕ್ಕೆ ಇದಾವುದೂ ಇಲ್ಲ, ಡಬ್ಬಿಯಲ್ಲಿ ಸಾಗುತ್ತದೆ.

ಮುರಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ೧೯೮೬ರಲ್ಲಿ ೨೧ ದ್ವೀಪಗಳನ್ನು ಸೇರಿಸಿ ಸಾಗರ ರಾಷ್ಟ್ರೀಯ ಉದ್ಯಾನವನ್ನು ಸಾರಿದರು. ಸುಣ್ಣಕ್ಕೂ ಕಟ್ಟಡಕ್ಕೂ ಹವಳದ ದಿಬ್ಬವನ್ನು ದಶಕಗಟ್ಟಲೆ ಅಗೆದದ್ದರಿಂದ, ಅಲೆಯ ಹೊಡೆತಕ್ಕೆ ತಡೆಯಿಲ್ಲದೆ ಅವುಗಳಲ್ಲಿ ಎರಡು ದ್ವೀಪಗಳು ನೀರಿನಡಿಗೆ ಸೇರಿಹೋದವು. ಅದೇ ಕೊಲ್ಲಿಯಲ್ಲಿ ತೂತುಕುಡಿಯ ಸುಗಂತಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯವರು ೨೦೦೨ರಿಂದ ಹವಳದ ತುಂಡುಗಳನ್ನು ಚೌಕಟ್ಟುಗಳಿಗೆ ಕಟ್ಟಿ, ಹಾಳಾದ ದಿಬ್ಬಗಳ ಮೇಲೆ ನೆಡುತ್ತ ಬಂದಿದ್ದಾರೆ. ಗುಜರಾತಿನ ಮೀಠಾಪುರದ ಕಡಲಿನಲ್ಲಿ ೨೦೨೦ರ ಜನವರಿಯಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯವರು ಉಕ್ಕಿನ ಗೂಡೊಂದನ್ನು ಇಳಿಬಿಟ್ಟು, ಅದರಲ್ಲಿ ಅತಿ ಮಂದವಾದ ವಿದ್ಯುತ್ತನ್ನು ಹರಿಸಿ, ಸುಣ್ಣ ಕೂರುವಂತೆ ಮಾಡಿ ಹವಳವನ್ನು ನೆಟ್ಟರು. ಕೈಚಳಕವೆಲ್ಲ ತೊಟ್ಟಿಯ ಹವ್ಯಾಸಿಯದೇ, ಅಪ್ಪಣೆಯೊಂದು ಬೇರೆ. ನಮ್ಮ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿಯ ಸುತ್ತಲೂ ಹವಳವಿದೆ. ಮುಳುಗಿ ನೋಡಿ ಬರುವುದಕ್ಕೆ ಅದು ಇರಲಿ. ನೆನಪಿಗೆಂದು ಒಂದು ಚೂರನ್ನು ಜೇಬಿಗಿಳಿಸುವವರಿಗೂ ಮೇಲೆ ಹೇಳಿದ ಕಲಮು ಅನ್ವಯಿಸುತ್ತದೆ.

ಸೋಲೂರಿನ ತರುಣನು ಬೀಗವನ್ನು ತೆರೆಯಲೇ ಬಾರದೆ? ತೆರೆಯಬಹುದು, ತೊಟ್ಟಿಗೆ ಬಿಡುವ ಪ್ರಾಣಿಯನ್ನು ಬದಲಿಸಬೇಕು. ಅದೇ ಉಪ್ಪುನೀರು, ಅದೇ ಶಾಖ, ಅದೇ ಕಾಯುವಿಕೆಯಲ್ಲಿ ಬೆಳೆಯುವ ಕ್ಲೌನ್ ಮೀನಿದೆ. ಕಿತ್ತಳೆ ಮೈಗೆ ಬಿಳಿಯ ಪಟ್ಟೆ. ಇದರ ಸಂತಾನಾಭಿವೃದ್ಧಿಯನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಾಧಿಸಿ ತೋರಿಸಿದೆ. ರಾಷ್ಟ್ರೀಯ ಮತ್ಸ್ಯ ತಳಿ ಸಂಪನ್ಮೂಲ ಸಂಸ್ಥೆಯು ಲಕ್ಷದ್ವೀಪದ ಅಗತ್ತಿಯಲ್ಲಿ ಅಲ್ಲಿನ ಹೆಂಗಸರಿಗೆ ಅಲಂಕಾರದ ಸಿಗಡಿ ಮೀನುಗಳ ಸಾಕಣೆಯನ್ನು ಕಲಿಸಿದೆ. ಈ ಮೀನಿನ ಸಂಸಾರವೂ ತಮಾಷೆಯದು. ಹುಟ್ಟುವಾಗ ಎಲ್ಲವೂ ಗಂಡಾಗಬಲ್ಲವು. ಗುಂಪಿನಲ್ಲಿ ದೊಡ್ಡದೊಂದು ಹೆಣ್ಣಾಗಿ ಯಜಮಾನಿಕೆ ವಹಿಸುತ್ತದೆ. ಅವಳು ಸತ್ತರೆ ಗಂಡನೇ ಹೆಣ್ಣಾಗುತ್ತಾನೆ. ಮಡಕೆಯ ಚೂರಿನ ಮೇಲೆ ಮೊಟ್ಟೆಯಿಟ್ಟು ಹೋದ ಮೇಲೆ ವಾರದಷ್ಟು ಕಾಲ ರೆಕ್ಕೆ ಬೀಸಿ ಕಾಯುವವನು ತಂದೆ. ಮರಿಗಳು ಹೊರಬರುವುದು ಕತ್ತಲೆಯಲ್ಲಿ. ಅವಕ್ಕೆ ಉಣಿಸುವ ಕಣ್ಣಿಗೆ ಕಾಣದ ಜೀವಿಗಳನ್ನು ಮುಂಚಿತವಾಗಿಯೇ ಬೆಳೆಸಿಟ್ಟುಕೊಂಡಿರಬೇಕು. ಹಿಪ್ಪುನೇರಳೆ ಸೊಪ್ಪಿಲ್ಲದೆ ಚಾಕಿ ಹುಳು ತಂದವನ ಪಾಡನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಪ್ಪಿನ ತಂಟೆಯೇ ಬೇಡವೆನ್ನುವವರಿಗೆ ಸಿಹಿನೀರಿನ ಬಣ್ಣದ ಮೀನು ಉಂಟು. ಹತ್ತಿರದ ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೇ ಇದೆ. ಒಮ್ಮೆ ಹೋಗಿ ಕೇಳಿಬಂದರೆ ನಷ್ಟವಿಲ್ಲ. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯು ಹಿತ್ತಿಲಿನ ಅಲಂಕಾರ ಮೀನಿನ ಘಟಕಕ್ಕೆ ಮೂರು ಲಕ್ಷ ರೂಪಾಯಿಗಳ ವೆಚ್ಚವನ್ನು ಗೊತ್ತುಮಾಡಿ, ಸಾಮಾನ್ಯರಿಗೆ ಶೇಕಡಾ ೪೦, ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಶೇಕಡಾ ೬೦ ಸಹಾಯಧನವೆಂದು ನಿಗದಿಮಾಡಿತು. ಸದ್ಯದ ನಿಬಂಧನೆಯನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಸಾಲಕ್ಕೆ ಕೈಹಾಕಬೇಕು. ಹವಳವೇ ಬೇಕೆಂಬ ಹಟವಿದ್ದವರು ಕಾಲೇಜು ಸಂಶೋಧನಾಲಯಗಳ ಮೂಲಕ ಸರ್ಕಾರದ ಲಿಖಿತ ಅನುಮತಿ ಪಡೆದು ಮುಂದುವರಿಯಬಹುದೇ ಹೊರತು ಅಂಗಡಿ ತೆರೆಯುವಂತಿಲ್ಲ. ಮೃದು ಹವಳಕ್ಕೆ ಕಾನೂನಿಲ್ಲವೆಂದು ಯಾರಾದರೂ ಪಿಸುಗುಟ್ಟಿದರೆ ಆ ಮಾತನ್ನು ಅರಣ್ಯ ಇಲಾಖೆಯವರಿಂದ ಕಾಗದದ ಮೇಲೆ ಬರೆಸಿಕೊಳ್ಳುವುದು ಜಾಣತನ.

ಮೀನಾಗಲಿ ಹವಳವಾಗಲಿ, ಉಪ್ಪುನೀರಿನ ಲೆಕ್ಕದಲ್ಲಿ ಯಾರೂ ಬರೆಯದ ಒಂದು ಕಲಮು ಉಳಿದಿದೆ. ಸಾವಿರ ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ ನೂರು ಲೀಟರು ನೀರನ್ನು ಬದಲಿಸುವುದು ವಾಡಿಕೆ. ಅಂದರೆ ವಾರಕ್ಕೆ ಮೂರೂವರೆ ಕಿಲೋ ಉಪ್ಪು ಹೊರಕ್ಕೆ ಬಂತು. ವರ್ಷಕ್ಕೆ ೧೮೨ ಕಿಲೋ. ಮಂಗಳೂರಿನಲ್ಲಾದರೆ ಕಡಲಿನದು ಕಡಲಿಗೆ ಹೋದೀತು. ಸೋಲೂರಿನಲ್ಲಿ ಅದನ್ನು ಎಲ್ಲಿಗೆ ಚೆಲ್ಲುವುದು? ಚರಂಡಿಗೆ ಬಿಟ್ಟರೆ ಕೆರೆಗೆ, ಹೊಲಕ್ಕೆ ಬಿಟ್ಟರೆ ಬಾವಿಗೆ. ಹೆಂಡತಿ ಮಕ್ಕಳು ಕುಡಿಯುವ ನೀರಿಗೂ ಪಕ್ಕದ ಮನೆಯವರ ಅವರೆಯ ಸಾಲಿಗೂ ಆ ಉಪ್ಪು ಸದ್ದಿಲ್ಲದೆ ಇಳಿಯುತ್ತದೆ. ಹತ್ತು ವರ್ಷಕ್ಕೆ ಹೆಚ್ಚುಕಡಿಮೆ ಎರಡು ಟನ್ನು. ಆದುದರಿಂದ ತೊಟ್ಟಿಗೆ ಗಾಜನ್ನು ಕೊಳ್ಳುವುದಕ್ಕೆ ಮೊದಲೇ ಹಿತ್ತಿಲಿನಲ್ಲಿ ಅಗಲವಾದ, ಆಳವಿಲ್ಲದ ಪಾತಿಯೊಂದನ್ನು ಕಟ್ಟಿ, ಸೋರದಂತೆ ದಪ್ಪ ಟಾರ್ಪಾಲು ಹಾಸಿ, ಮಳೆ ಬೀಳದಂತೆ ಮೇಲೆ ಪಾರದರ್ಶಕ ತಗಡನ್ನು ಹೊದಿಸಬೇಕು. ಬದಲಿಸಿದ ನೀರೆಲ್ಲ ಅಲ್ಲಿಗೆ. ಮಾಗಡಿಯ ಬಿಸಿಲು ಉಳಿದ ಕೆಲಸವನ್ನು ಮಾಡುತ್ತದೆ. ತಳದಲ್ಲಿ ಹರಳುಗಟ್ಟಿದ ಉಪ್ಪನ್ನು ಮುಂಗಾರು ಹಿಡಿಯುವುದರೊಳಗೆ ಕೆರೆದು ಚೀಲಕ್ಕೆ ತುಂಬಿ, ಬಾಯಿ ಹೊಲಿದು, ದನಗಳಿಗೆ ಸಿಕ್ಕದಂತೆ ಅಟ್ಟದ ಮೇಲಿಡತಕ್ಕದ್ದು.